ಸೊಟ್ಟ ಬೆರಳಿನ ಹಾಜರಿ

ನಮ್ಮ ಲೆಕ್ಕದ ಮೇಷ್ಟ್ರ ಎಡಗೈ ತೋರುಬೆರಳು ತುದಿಯಲ್ಲಿ ಸೊಟ್ಟಗಿತ್ತು. ಹುಡುಗರಾಗಿದ್ದಾಗ ಎಮ್ಮೆ ಹಗ್ಗವನ್ನು ಅದಕ್ಕೆ ಸುತ್ತಿಕೊಂಡು ನಿಂತಿದ್ದರಂತೆ, ಎಮ್ಮೆ ಕಿತ್ತುಕೊಂಡು ಓಡಿತಂತೆ. ಆ ಬೆರಳೆತ್ತಿದರೆ ಯಾರನ್ನು ತೋರಿಸುತ್ತಿದ್ದಾರೆಂದು ತಿಳಿಯದೆ ಇಬ್ಬಿಬ್ಬರು ಎದ್ದು ನಿಲ್ಲುತ್ತಿದ್ದೆವು.

ಗುಂಡ್ಲುಪೇಟೆಯ ಆ ಶಾಲೆಗೆ ನಾನು ಎಂಟನೇ ಕ್ಲಾಸಿನ ನಡುವೆ ಸೇರಿದವಳು. ಅಮ್ಮ ತೀರಿಕೊಂಡ ಮೇಲೆ ಅಜ್ಜಿ ನನ್ನನ್ನು ಮದ್ದೂರಿನ ಕಡೆಯಿಂದ ಕರೆತಂದು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದಳು. ಹಾಜರಿಯಲ್ಲಿ ನಾನು ಕೊನೆಯವಳು, ಮೂವತ್ತೊಂದು. ಆಟಕ್ಕೆ ಇಬ್ಬಿಬ್ಬರಂತೆ ನಿಲ್ಲಿಸಲಿ, ಮೂವರಂತೆ, ಐವರಂತೆ ನಿಲ್ಲಿಸಲಿ, ಒಬ್ಬಳು ಮಿಕ್ಕುತ್ತಿದ್ದಳು. ಅದು ನಾನೇ. ಮನೆಯಲ್ಲೂ ಹಾಗೇ ಇತ್ತು.

ಒಂದು ದಿನ ನಾನು ಅಳುವುದನ್ನು ಕಂಡು ಮೇಷ್ಟ್ರು ಪಾಠ ನಿಲ್ಲಿಸಿದರು. ಬೋರ್ಡಿನ ಮೇಲೆ ಮೂವತ್ತೊಂದು ಬರೆದು, ಶೇಷ ಉಳಿಯದ ಹಾಗೆ ಪಾಲು ಮಾಡಿ ಎಂದರು. ಅವಿಭಾಜ್ಯ ಸಂಖ್ಯೆ, ಯಾರಿಂದಲೂ ಆಗಲಿಲ್ಲ.

"ನೀನ್ ಬರಕ್ಕೆ ಮುಂಚೆ ಈ ಕ್ಲಾಸ್ನ ಎಂಗ್ ಬೇಕಾದ್ರೂ ಒಡೀಬೋದಿತ್ತು ಕಣಮ್ಮಿ. ನೀನ್ ಬಂದ್ಮೇಲೆ ಯಾರ್ ಕೈಲೂ ಆಗಕಿಲ್ಲ. ನೀನು ಮಿಕ್ಕೋಳಲ್ಲ."

ಅಷ್ಟಕ್ಕೇ ಬಿಡಲಿಲ್ಲ. ಒಂದು ಕೈಯಲ್ಲಿ ಎಮ್ಮೆ ಹಿಡಿದವನು ಇನ್ನೊಂದು ಕೈಯಲ್ಲಿ ಐದೈದರಂತೆ ಎಣಿಸಿದರೆ ಏನಾಗುತ್ತದೆ ಎಂದು ತೋರಿಸಿದರು. ಇಪ್ಪತ್ತೈದರದು ಒಂದು, ಐದರದು ಒಂದು, ಬಿಡಿ ಒಂದು. ಮೂವತ್ತೊಂದೆಂದರೆ ಮೂರು ಒಂದುಗಳು. ಆಮೇಲೆ ಎರಡರ ಲೆಕ್ಕ. ಬೆರಳುಗಳಿಗೆ ಒಂದು, ಎರಡು, ನಾಲ್ಕು, ಎಂಟು, ಹದಿನಾರು ಎಂದು ಬೆಲೆ ಕಟ್ಟಿ ಐದನ್ನೂ ಬಿಚ್ಚಿದರೆ ಮತ್ತೆ ಮೂವತ್ತೊಂದು, ಮತ್ತೆ ಬರೀ ಒಂದುಗಳು. ಹೀಗೆ ಯಾವುದಾದರೂ ಎರಡು ಬೇರೆ ಬೇರೆ ಲೆಕ್ಕದಲ್ಲಿ ಮೂರೋ ಹೆಚ್ಚೋ ಬರೀ ಒಂದುಗಳಾಗುವ ಸಂಖ್ಯೆ ಇದುವರೆಗೆ ಇನ್ನೊಂದೇ ಸಿಕ್ಕಿದೆ, ಅದೂ ಎಂಟು ಸಾವಿರ ದಾಟಿದ ಮೇಲೆ ಎಂದು ತಮ್ಮದೇ ಜಮೀನಿನ ವಿಷಯ ಹೇಳುವವರಂತೆ ಹೇಳಿದರು. ಹೇಗೆ ಬರೆದರೂ ಮೂವತ್ತೊಂದನ್ನು ಒಡೆಯಲಾಗದು ಎಂದರು.

ಅಂದಿನಿಂದ ಹಾಜರಿ ಕೂಗುವುದೇ ನಿಂತಿತು. ಅವರು ಐದರ ಲೆಕ್ಕದಲ್ಲಿ, ಇಪ್ಪತ್ತೈದರದು ಎಷ್ಟು, ಐದರದು ಎಷ್ಟು, ಬಿಡಿ ಎಷ್ಟು ಎಂದು ಒಂದಾದ ಮೇಲೊಂದು ಎಡಗೈ ಬೆರಳೆತ್ತಿ ಕರೆಯುವುದು, ನಾವು ಎರಡರ ಲೆಕ್ಕದಲ್ಲಿ ಬೆರಳು ಬಿಚ್ಚಿ ಓಗೊಡುವುದು. ಅವರು ತಲೆಯಾಡಿಸುವವರೆಗೆ ಕೈ ಇಳಿಸುವ ಹಾಗಿಲ್ಲ. ಉಳಿದವರು ಬೆರಳು ಮಡಿಚಿ ಬಿಚ್ಚಿ ಒದ್ದಾಡುತ್ತಿದ್ದರು. ಕೊನೆಗೆ ಆ ಸೊಟ್ಟ ಬೆರಳೊಂದೇ ಮೂರು ಸಲ ಏಳುತ್ತಿತ್ತು, ನಾನು ಅಂಗೈ ಅಗಲಿಸಿ ಎತ್ತುತ್ತಿದ್ದೆ. ಯಾರೋ ನನ್ನನ್ನೇ ಕರೆಯುತ್ತಿದ್ದಾರೆ ಅನ್ನುವ ಸುಖ ಆಗ ನನಗೆ ಬೇರೆಲ್ಲೂ ಸಿಗುತ್ತಿರಲಿಲ್ಲ.

ಈಗ ಚಾಮರಾಜನಗರದಲ್ಲಿದ್ದೇನೆ, ಬದನಗುಪ್ಪೆಯ ಗಾರ್ಮೆಂಟ್ಸಿನಲ್ಲಿ ಕೆಲಸ. ಮೇಷ್ಟ್ರಿಗೆ ಸ್ಟ್ರೋಕ್ ಆಗಿ ಬಲಭಾಗವೂ ಮಾತೂ ಬಿದ್ದುಹೋದದ್ದು ನನಗೆ ತಿಳಿಯಲೇ ಇಲ್ಲ. ಹಳೆಯ ಕ್ಲಾಸಿನವರ ವಾಟ್ಸಾಪಿನಲ್ಲಿ ಅವರು ಹೋದ ಸುದ್ದಿಯೇ ಬಂತು. ರಜೆ ಹಾಕಿ ಬಸ್ಸು ಹತ್ತಿದೆ.

ವಿಭೂತಿ ಹಚ್ಚಿ, ಹೂ ಹಾಕಿ, ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಾಜರಿ ತೆಗೆದುಕೊಳ್ಳಲು ಕೂತ ಹಾಗೇ ಇದ್ದರು. ಪಕ್ಕದಲ್ಲಿ ಅವರ ಹೆಂಡತಿ ಬಂದವರಿಗೆಲ್ಲ ಒಂದೇ ಮಾತು ಹೇಳಿಕೊಂಡು ಅಳುತ್ತಿದ್ದರು. ನನಗೂ ಹೇಳಿದರು.

"ಏನೋ ಕೇಳ್ತಾನೇ ಇದ್ರು ಕಣವ್ವ. ಎಡಗೈ ಬೆರಳ ಒಂದ್ಸಲ ಎತ್ತೋರು, ಇನ್ನೊಂದ್ಸಲ ಎತ್ತೋರು, ಮತ್ತೊಂದ್ಸಲ ಎತ್ತೋರು. ನೀರು ಕೊಟ್ರೆ ಮುಖ ತಿರುಗಿಸ್ಬುಡೋರು. ಕೊನೆಗಂಟ ಏನಂತ ಗೊತ್ತಾಗ್ನಿಲ್ಲ."

ನನಗೆ ಗೊತ್ತಾಯಿತು. ಎದೆ ಒಡೆದುಹೋಯಿತು. ಒಂದೇ ಬಸ್ಸಿನಷ್ಟು ದೂರದಲ್ಲಿದ್ದೆ ನಾನು, ಒಂದು ಫೋನ್ ಮಾಡಿದ್ದರೆ ಓಡಿಬರುತ್ತಿದ್ದೆ.

ಅವರೆದುರು ನಿಂತು ಅಂಗೈ ಅಗಲಿಸಿ ಎತ್ತಿದೆ. ಹಿಂದಿನಿಂದ ಯಾರೋ, ಹಾಗಲ್ಲ, ಕೈ ಮುಗಿಯಬೇಕು ಎಂದು ಮೆಲ್ಲಗೆ ತಿದ್ದಿದರು. ನಾನು ಕೈ ಇಳಿಸಲಿಲ್ಲ. ಮೇಷ್ಟ್ರು ಇನ್ನೂ ತಲೆಯಾಡಿಸಿರಲಿಲ್ಲ.