ಗುಡಿಯ ಸಿಮೆಂಟಿನೊಳಗೆ ಹೋದ ಬ್ಲಾಕು

ಕಳೆದ ವರ್ಷ ವಿಜಯದಶಮಿಯ ಮರುದಿನ ಬೆಳಿಗ್ಗೆ ಕಲ್ಯಾಣದುರ್ಗದ ಕಮ್ಮಾರರ ಹೊಸ ಗುಡಿಯಲ್ಲಿ, ಅಮ್ಮನವರ ಮುಂದಿನ ನೆಲ ಅಗೆದು, ನನಗೆ ಸೇರಿದ ಎರಕದ ಬ್ಲಾಕೊಂದನ್ನು ಸಿಮೆಂಟಿನಲ್ಲಿ ಕೂರಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಅದರ ಮೇಲೆ ಕೆಲಸ ಮಾಡಿ ಬದುಕುತ್ತಿದ್ದ ಕಮ್ಮಾರನನ್ನೂ ಕೇಳಲಿಲ್ಲ.

ಕುಲುಮೆ ನೋಡದವರಿಗೆ ಬ್ಲಾಕು ಎಂದರೇನೆಂದು ಹೇಳಬೇಕು. ಅದು ಗೇಣು ದಪ್ಪದ, ಒಬ್ಬನಿಂದ ಎತ್ತಲಾಗದ ಚೌಕನೆಯ ಎರಕದ ಕಬ್ಬಿಣ. ಅದರ ನಾಲ್ಕು ಪಕ್ಕಗಳಲ್ಲಿ ಸಣ್ಣ ದೊಡ್ಡ ಕಾಲುವೆಗಳಿರುತ್ತವೆ. ಅಗಲದ ಮುಖದಲ್ಲಿ ಬಟ್ಟಲಿನಂಥ, ಸೌಟಿನಂಥ ಗುಳಿಗಳಿರುತ್ತವೆ. ಕೆಂಪಗೆ ಕಾದ ತಗಡನ್ನು ಗುಳಿಯ ಮೇಲಿಟ್ಟು ತಟ್ಟಿದರೆ ಸೌಟಾಗುತ್ತದೆ, ಕಾಲುವೆಯ ಮೇಲಿಟ್ಟು ತಟ್ಟಿದರೆ ಕೊಳವೆಯಾಗುತ್ತದೆ. ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಮೇಲೆ ತೋಳಿನ ಬಲದಿಂದ ಮಾಡಬೇಕಾದ್ದನ್ನು ಬ್ಲಾಕು ತನ್ನ ಆಕಾರದಿಂದ ಮಾಡಿಕೊಡುತ್ತದೆ.

ಪತ್ರಿಕೆಯ ಕೆಲಸದಲ್ಲಿದ್ದಾಗ ಸುದ್ದಿಗೆಂದು ಹೋದ ಊರುಗಳಲ್ಲೆಲ್ಲ ನಾನು ಇವುಗಳನ್ನು ಹುಡುಕಿದ್ದೇನೆ. ಈಗಲೂ ಹುಡುಕುತ್ತೇನೆ. ಒಳ್ಳೆಯ ಬ್ಲಾಕನ್ನು ಗುರುತಿಸುವುದು ಕಷ್ಟವಲ್ಲ. ಸುತ್ತಿಗೆ ತಾಗಿಸಿದರೆ ಮಂದವಾಗಿ ಸದ್ದು ಮಾಡದೆ ಗಂಟೆಯಂತೆ ಉಲಿಯಬೇಕು. ಗುಳಿಯೊಳಗೆ ಹೆಬ್ಬೆರಳು ಆಡಿಸಿದರೆ ಮರಳಿನ ತೂತು ಸಿಗಬಾರದು, ಏಕೆಂದರೆ ಅಲ್ಲಿರುವ ಪ್ರತಿ ಒರಟೂ ಕಾದ ಕಬ್ಬಿಣದ ಮೇಲೆ ಗುರುತಾಗಿ ಬೀಳುತ್ತದೆ. ಈಗ ಮಾರುಕಟ್ಟೆಗೆ ಬರುವ ಹೊಸ ಬ್ಲಾಕುಗಳಲ್ಲಿ ಹೆಚ್ಚಿನವು ಸಿಡುಬು ಬಂದ ಮುಖದಂತಿರುತ್ತವೆ. ಹಳೆಯದರಲ್ಲಿ ಒಳ್ಳೆಯದು ಸಿಕ್ಕಿತೆಂದರೆ ಅದು ಯಾವುದೋ ಗುಜರಿಯಲ್ಲಿ ಒಡೆಸಿಕೊಳ್ಳಲು ಕಾಯುತ್ತಿರುತ್ತದೆ, ಇಲ್ಲವೇ ಬೆಂಗಳೂರು ರಸ್ತೆಯ ಯಾವುದೋ ರೆಸಾರ್ಟಿನಲ್ಲಿ ಬೆಳ್ಳಿಬಣ್ಣ ಬಳಿಸಿಕೊಂಡು ಟೀಪಾಯಿ ಹೊತ್ತಿರುತ್ತದೆ. ಆ ಟೀಪಾಯಿಯ ಮೇಲೆ ನನಗೂ ಒಮ್ಮೆ ಕಾಫಿ ತಂದಿಟ್ಟರು. ನಾನು ಕುಡಿಯದೆ ಎದ್ದು ಬಂದೆ.

ನನ್ನ ಬಳಿ ನಾಲ್ಕು ಬ್ಲಾಕುಗಳಿವೆ. ಹಿಂದೂಪುರದ ನನ್ನ ಮನೆಯಲ್ಲಿ ಒಂದೂ ಇಲ್ಲ. ಕೊಂಡದ್ದನ್ನು ಬಳಸುವ ಕುಲುಮೆಗೆ ಕೊಡುವುದು, ಅಲ್ಲಿ ಬೆಂಕಿ ಆರಿದರೆ ಮಾತ್ರ ಬೇರೆ ಕುಲುಮೆಗೆ ಒಯ್ಯುವುದು, ಇದು ನಾನು ಹಾಕಿಕೊಂಡ ಕ್ರಮ. ಸಂಗ್ರಹ ತೋರಿಸಿ ಎಂದು ಬಂದವರಿಗೆ ಬ್ಲಾಕೊಂದು ಕೆಲಸ ಮಾಡುತ್ತಿರುವ ರೊದ್ದದ ಬಸ್ಸು ಎಲ್ಲಿ ನಿಲ್ಲುತ್ತದೆಂದು ಹೇಳಿ ಕಳಿಸುತ್ತೇನೆ.

ಕಲ್ಯಾಣದುರ್ಗಕ್ಕೆ ಹೋದದ್ದು ನಾಲ್ಕರಲ್ಲಿ ಅತ್ಯುತ್ತಮವಾದದ್ದು. ಅದು ಹಿಂದೂಪುರದ ಒಂದು ತರಬೇತಿ ಶಾಲೆಯಲ್ಲಿತ್ತು. ಕುಲುಮೆ ಕೆಲಸ ಕಲಿಸುವುದನ್ನು ನಿಲ್ಲಿಸಿದ ಮೇಲೆ ಅದನ್ನು ಬೇವಿನ ಮರದಡಿ ಹಾಕಿ, ಬೈಕುಗಳ ಸ್ಟ್ಯಾಂಡು ನೆಲಕ್ಕೆ ಹೂತುಹೋಗದಿರಲೆಂದು ಬಳಸುತ್ತಿದ್ದರು. ಗುಜರಿಯವನ ಸುತ್ತಿಗೆ ಬೀಳುವುದಕ್ಕೆ ಮೊದಲು ನನ್ನ ಕೈಗೆ ಬಂತು. ಅದರ ಒಂದು ಪಕ್ಕದಲ್ಲಿ ಬೇರೆ ಯಾವ ಬ್ಲಾಕಿನಲ್ಲೂ ನಾನು ಕಾಣದ ಒಂದು ಕಾಲುವೆಯಿತ್ತು. ಅದು ಒಂದು ತುದಿಯಲ್ಲಿ ಅಗಲವಾಗಿದ್ದು ಇನ್ನೊಂದು ತುದಿಗೆ ಹೋಗುತ್ತ ಕಿರಿದಾಗುತ್ತಿತ್ತು.

ಆ ಕಾಲುವೆಗಾಗಿಯೇ ನಾನು ಬ್ಲಾಕನ್ನು ಆ ಕಮ್ಮಾರನಿಗೆ ಕೊಟ್ಟೆ. ನಲವತ್ತು ದಾಟಿದ ಮನುಷ್ಯ. ಕಂಬದೂರಿನ ದಾರಿಯಲ್ಲಿ ಆಟೋ ಮಗುಚಿ ಅವನ ಬಲಭುಜ ಮುರಿದಿತ್ತು. ಮೂಳೆ ಕೂಡಿತು, ಕೈ ಮಾತ್ರ ಕಿವಿಯಿಂದ ಮೇಲೆ ಏಳಲಿಲ್ಲ. ದೊಡ್ಡ ಸುತ್ತಿಗೆ ಬೀಸಲಾಗದ ಕಮ್ಮಾರ ವಾಚ್‌ಮನ್ ಕೆಲಸ ಹುಡುಕಿಕೊಳ್ಳಬೇಕಾಗುತ್ತದೆ. ಬ್ಲಾಕು ಬಂದ ಮೇಲೆ ಅವನು ಹುಡುಕಲಿಲ್ಲ. ಕಳೆಗುದ್ದಲಿಯ ತಗಡನ್ನು ಕಾಸಿ ಆ ಕಾಲುವೆಯ ಮೇಲೆ ಹಿಡಿಯುತ್ತಿದ್ದ. ಮೇಲೊಂದು ಸರಳಿಟ್ಟು ಹೆಂಡತಿ ಸಣ್ಣ ಸುತ್ತಿಗೆಯಿಂದ ತಟ್ಟುತ್ತಿದ್ದಳು. ಕಾವು, ಅಂದರೆ ಮರದ ಹಿಡಿ, ಸಿಕ್ಕಿಸುವ ಕೊಳವೆ ತಾನಾಗಿಯೇ ಮೂಡುತ್ತಿತ್ತು, ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಹಾಗಾಗಿ ಅವರ ಗುದ್ದಲಿಯ ಕಾವು ಕೆಲಸ ಮಾಡಿದಷ್ಟೂ ಬಿಗಿಯಾಗುತ್ತಿತ್ತು. ಕಡಲೆಕಾಯಿ ಹೊಲದ ಕಳೆಗೆ ಹೋಗುವ ಹೆಂಗಸರು ಸೆಟ್ಟೂರಿನಿಂದ ಬಸ್ಸು ಹತ್ತಿ ಬಂದು ಅದನ್ನೇ ಕೇಳುತ್ತಿದ್ದರು.

ಆಯುಧಪೂಜೆಗೆ ಕಮ್ಮಾರರು ಸಲಕರಣೆ ತೊಳೆದು, ಅರಿಶಿನ ಕುಂಕುಮ ಇಟ್ಟು, ಆ ದಿನ ಕೆಲಸಕ್ಕೆ ಮುಟ್ಟುವುದಿಲ್ಲ. ಪೂಜೆ ಅವರವರ ಕುಲುಮೆಯಲ್ಲಿ ನಡೆಯುವುದು ರೂಢಿ. ಕಳೆದ ವರ್ಷ ಹೊಸ ಗುಡಿಯಾದ್ದರಿಂದ ಎಲ್ಲರೂ ಅಲ್ಲಿಗೇ ತರಬೇಕೆಂದು ಗುಡಿ ಕಮಿಟಿ ಹೇಳಿತು. ಕಮಿಟಿಯ ಹಿರಿಯರು ಆ ಕಮ್ಮಾರನ ದೊಡ್ಡಪ್ಪ. ಅವರು ಸುತ್ತಿಗೆ ಬಿಟ್ಟು ಬಹಳ ಕಾಲವಾಗಿದೆ, ಈಗ ಹಾರ್ಡ್‌ವೇರ್ ಅಂಗಡಿಯಿದೆ. ಆ ಅಂಗಡಿಯಲ್ಲಿ ಫ್ಯಾಕ್ಟರಿಯ ಕಳೆಗುದ್ದಲಿಗಳೂ ಸಿಗುತ್ತವೆ. ಇದನ್ನು ದಾಖಲೆಗೆಂದು ಬರೆಯುತ್ತಿದ್ದೇನೆ. ನಡೆದದ್ದಕ್ಕೆ ಅದೇ ಕಾರಣ ಎನ್ನಲು ನನ್ನ ಬಳಿ ಆಧಾರವಿಲ್ಲ.

ಕಮ್ಮಾರ ಬ್ಲಾಕನ್ನು ಆಟೋದಲ್ಲಿ ಹಾಕಿಕೊಂಡು ಹೋದ. ಇಷ್ಟು ಚೆಂದದ ಬ್ಲಾಕನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಪೂಜಾರಿ ಅದಕ್ಕೆ ದೊಡ್ಡ ಹಾರ ಹಾಕಿದರು, ಅದರ ಮುಂದೆಯೇ ಕಾಯಿ ಒಡೆದರು. ಮರುದಿನ ವಾಪಸು ತರಲು ಹೋದರೆ ಗಾರೆಯವನು ಕರಣೆ ತೊಳೆಯುತ್ತಿದ್ದ. ಸಿಮೆಂಟು ಇನ್ನೂ ಹಸಿಯಿತ್ತು. ಇವನು ಕೈ ಕಟ್ಟಿಕೊಂಡು ನಿಂತ. ನನಗೆ ಫೋನು ಮಾಡಿದ್ದು ಸಿಮೆಂಟು ಒಣಗಿದ ಮೇಲೆ.

"ಹಸಿ ಇದ್ದಾಗ್ಲೇ ಎತ್ತಬಾರದಿತ್ತಾ?" ಎಂದೆ.

"ಹೆಂಗ್ ಎತ್ಲಿ ಸಾರು, ದೊಡ್ಡಪ್ಪ ಅಲ್ಲೇ ನಿಂತಿದ್ರು. ಕುಂಕುಮ ಬ್ಯಾರೆ ಇಟ್ಬುಟ್ಟವ್ರೆ."

ಅಷ್ಟರಲ್ಲಿ ಹೆಂಡತಿ ಫೋನು ಕಿತ್ತುಕೊಂಡಳು. "ಅಣ್ಣಾ, ಇವ್ರಿಗೆ ಭುಜ ಒಂದೇ ಮುರ್ದಿದ್ದು ಅಂದ್ಕಂಡಿದ್ದೆ. ನಾಲಿಗೆನೂ ಮುರ್ದೈತೆ. ನೀವು ಬರ್ರಿ."

ಹೋದೆ. ಅಮಾವಾಸ್ಯೆಗೆ ಗುಡಿ ತೆರೆದಿತ್ತು, ಬ್ಲಾಕು ಹೂವಿನಡಿ ಇತ್ತು. ಅವರು ಅದನ್ನು ಅಂಗಾತ ಮಲಗಿಸಿದ್ದರು. ಅಗಲದ ಮುಖ ಮೇಲೆ, ನಾಲ್ಕೂ ಪಕ್ಕ ನೆಲದೊಳಗೆ. ಎಂದರೆ ಕಾಲುವೆಗಳೆಲ್ಲ ಸಿಮೆಂಟಿನಲ್ಲಿ ತುಂಬಿಹೋಗಿದ್ದವು. ಮೇಲೆ ಕಾಣುತ್ತಿದ್ದ ಗುಳಿಗಳಿಗೆ ಎಣ್ಣೆ ಹುಯ್ದು, ಬತ್ತಿಯಿಟ್ಟು, ದೀಪ ಹಚ್ಚಿದ್ದರು. ಒಬ್ಬ ಒಳ್ಳೆಯ ಎರಕದವನು, ಎಲ್ಲಿಯವನೋ ಯಾವ ಕಾಲದವನೋ, ಮರದ ಅಚ್ಚನ್ನು ಉಜ್ಜಿ ಉಜ್ಜಿ ನುಣುಪು ಮಾಡಿ ತೆಗೆದ ಸೌಟಿನ ಗುಳಿ ಮಸಿ ಹಿಡಿದು ಕಪ್ಪಾಗಿತ್ತು. ಅಲ್ಲಿ ನಿಂತವರೆಲ್ಲ ಅದೇ ಕಸುಬಿನ ಮನೆಗಳವರು. ಬೈಕು ನಿಲ್ಲಿಸಿದ ತರಬೇತಿ ಶಾಲೆಯವರನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ, ಅವರಿಗೆ ಅದು ಏನೆಂದು ಗೊತ್ತಿರಲಿಲ್ಲ. ಇವರಿಗೆ ಗೊತ್ತಿತ್ತು. ಗೊತ್ತಿದ್ದೇ ಕೈಮುಗಿದು ಕೊಂದಿದ್ದರು.

ಅಂದೇ ಗುಡಿಯ ಅಂಗಳದಲ್ಲಿ ಕಮಿಟಿ ಸೇರಿತು. ನಾನು ಬ್ಲಾಕು ನನ್ನದೆಂದೂ ಅದು ಕುಲುಮೆಗೆ ವಾಪಸು ಹೋಗಬೇಕೆಂದೂ ಹೇಳಿದೆ.

"ನಿಮ್ದೇ ಸಾರು, ಕಾದು ಅಂದೋರು, ಅಲ್ಲ ಅಂದೋರು ಯಾರು?" ಎಂದರು ದೊಡ್ಡಪ್ಪ, ಎಂದಿನಂತೆ ತೆಲುಗು ಬೆರೆಸಿ. "ನೋಡ್ರಿ, ಗ್ವಾಡೆ ಮ್ಯಾಲೆ ದಾತರು ಅಂತ ನಿಮ್ಮ ಹೆಸ್ರು ಬರ್ಸೀವಿ."

ಬರೆಸಿದ್ದರು. ಗ್ರಾನೈಟಿನ ಮೇಲೆ, ಚಿನ್ನದ ಬಣ್ಣದಲ್ಲಿ.

"ನಾನು ದಾನ ಮಾಡಿಲ್ಲ."

"ಅಮ್ಮೋರು ಇಸ್ಕಂಡ್ರು. ಇಂಥ ಕಳೆ ಇರೋ ವಸ್ತು ಆ ಮಸಿ ಕೊಟ್ಟಿಗೇಲಿ ಯಾಕಿರ್ಬೇಕು ಚೆಪ್ಪಂಡಿ, ಹೇಳ್ರಿ? ಒಂದ್ಸಾರಿ ಕಾಯಿ ಒಡೆದ್ ಮ್ಯಾಲೆ ಅದ್ರ ಮ್ಯಾಲೆ ಸುತ್ಗೆ ಏಟು ಬೀಳಂಗಿಲ್ಲ."

"ಪ್ರತಿ ವರ್ಷ ನಿಮ್ಮ ಮನೆಯ ಅಡಿಗಲ್ಲಿಗೂ ಕಾಯಿ ಒಡೆಯುತ್ತಿದ್ದಿರಲ್ಲ? ಮರುದಿನ ಅದರ ಮೇಲೆ ಕೆಲಸ ಮಾಡಲಿಲ್ಲವೇ?"

"ಅದು ಮನೇದು ಸಾರು. ಇದು ಗುಡೀದು."

ಸುತ್ತ ಕೂತವರು ತಲೆಯಾಡಿಸಿದರು. ವರದಿಗಾರನಾಗಿ ನಾನು ಬಹಳ ಸಭೆಗಳಲ್ಲಿ ಕೂತಿದ್ದೇನೆ. ಮುಗಿದುಹೋದ ತೀರ್ಮಾನಕ್ಕೆ ಆಮೇಲೆ ಕಾರಣ ಹುಡುಕುವ ಸಭೆಯನ್ನು ಅದರ ತಲೆಯಾಟದಿಂದಲೇ ಗುರುತಿಸಬಲ್ಲೆ. ಇದು ಅಂಥದ್ದು.

ಕಮ್ಮಾರ ಕೊನೆಗೆ ಬಾಯಿಬಿಟ್ಟ. "ದೊಡ್ಡಪ್ಪಾ, ಅದಿಲ್ದೆ ನನ್ ಕೈಲಿ ಗುದ್ಲಿ ಆಯ್ತಿಲ್ಲ."

"ಆಗ್ದಿದ್ರೆ ಅಂಗ್ಡಿಗ್ ಬಾರ್ಲಾ. ಕೂತ್ಕಂಡು ಮಾರು. ಭುಜಕ್ಕೂ ಸುಖ."

ಒಬ್ಬಿಬ್ಬರು ನಕ್ಕರು. ಕಂಬದ ಹಿಂದೆ ನಿಂತಿದ್ದ ಅವನ ಹೆಂಡತಿ ಆಗ ಮುಂದೆ ಬಂದಳು.

"ಮಾವಾ, ಒಂದು ಮಾತು. ಬ್ಲಾಕು ಅಮ್ಮೋರ್ದು, ನಾವೂ ಅಮ್ಮೋರ್ ಮಕ್ಳು. ಹೌದು ತಾನೆ?"

"ಹೌದು ಕಣಮ್ಮ."

"ಮಕ್ಳು ಬಂದು ಇಲ್ಲೇ ಕೆಲ್ಸ ಮಾಡ್ಕಂಡೋಯ್ತೀವಿ ಬುಡಿ."

ದೊಡ್ಡಪ್ಪನವರು ಹೆಂಗಸಿನ ಬಾಯಿ ಮುಚ್ಚಿಸಲು ಸುಲಭದ ದಾರಿ ಸಿಕ್ಕಿತೆಂದುಕೊಂಡರು. "ಬಾರಮ್ಮ, ಬ್ಯಾಡ ಅಂದೋರ್ಯಾರು? ಅಮಾವಾಸ್ಯೆಗೆ ಬಾಗ್ಲು ತೆಗ್ದಿರ್ತೀವಿ, ಬಂದು ಮಾಡ್ಕ."

ಇಲ್ಲಿ ಒಂದು ಮಾತು ಹೇಳಬೇಕು. ಹಬ್ಬಗಳನ್ನು ಬಿಟ್ಟರೆ ಗುಡಿ ತೆರೆಯುವುದು ಅಮಾವಾಸ್ಯೆಗೆ ಮಾತ್ರ, ಮಿಕ್ಕ ದಿನ ಬೀಗ. ಮತ್ತು ಅಮಾವಾಸ್ಯೆಗೆ ಈ ಸೀಮೆಯ ಯಾವ ಕಮ್ಮಾರನೂ ಕುಲುಮೆ ಹೊತ್ತಿಸುವುದಿಲ್ಲ. ಅಂಗಳದಲ್ಲಿ ಕೂತಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಈ ಸಲ ಮೊದಲಿಗಿಂತ ಹೆಚ್ಚು ಜನ ನಕ್ಕರು.

ಅವಳು ನಗು ಮುಗಿಯುವವರೆಗೆ ಕಾದಳು. "ಮಾಡ್ಕ ಅಂದ್ರಲ್ಲ ಮಾವ, ಸಾಕು. ಎಲ್ರೂ ಕೇಳಿಸ್ಕಂಡವ್ರೆ. ಯಾವ ದಿನ ಅನ್ನೋದ್ನ ನಾನು ನೋಡ್ಕತೀನಿ."

ಮರುದಿನ ಬೆಳಿಗ್ಗೆ ಅವಳು ಗಾಳಿಯಂತ್ರ, ಇದ್ದಿಲಿನ ಬುಟ್ಟಿ, ನಾಲ್ಕು ಇಟ್ಟಿಗೆ ಹೊತ್ತು ತಂದು ಗುಡಿಯ ಬಾಗಿಲಿಗೆ ಎದುರಾಗಿ, ಹೊಸ ಬಿಳಿ ಟೈಲ್ಸಿನ ಜಗುಲಿಯ ಮೇಲೆ ಒಲೆ ಹೂಡಿದಳು. ಗಂಡ ಬೇಡವೆಂದ. ಆಮೇಲೆ ಇಕ್ಕಳ ಹಿಡಿದು ಪಕ್ಕದಲ್ಲಿ ಕೂತ. ಊರಿನಲ್ಲೇ ಉಳಿದುಕೊಂಡಿದ್ದ ನಾನು ರಸ್ತೆಯಾಚೆ ಟೀ ಅಂಗಡಿಯಲ್ಲಿದ್ದೆ. ಹಸಿ ಇದ್ದಿಲಿನ ಹೊಗೆ ಮೊದಲು ಟೈಲ್ಸಿಗೆ, ನಂತರ ಬಾಗಿಲ ಮೇಲಿನ ಬಣ್ಣದ ದ್ವಾರಪಾಲಕರಿಗೆ ಹತ್ತಿತು.

ಪೂಜಾರಿ ಓಡಿ ಬಂದರು. ಅವರ ಹಿಂದೆ ಸ್ಕೂಟರಿನಲ್ಲಿ ದೊಡ್ಡಪ್ಪ.

"ಏನೇ ಇದು! ಗುಡಿ ಮುಂದೆ ಹೊಗೆ! ಮೈಲಿಗೆ ಮಾಡ್ತಾ ಇದೀಯಾ?"

"ಬೆಂಕಿ ಮೈಲಿಗೆ ಯಾವಾಗ್ ಆಯ್ತು ಮಾವ? ನಿಮ್ಮಪ್ಪಾರು ಜೀವ್ನ ಪೂರ್ತಿ ಇದ್ರ ಮುಂದೇನೇ ಕೂತಿದ್ದು. ಬಾಗ್ಲು ತೆಗೀರಿ, ಕಬ್ಣ ಕಾದೈತೆ."

"ಟೈಲ್ಸ್ ಪಾಡೈಪೋಯಿಂದಿ, ಹಾಳಾಗೋಯ್ತು! ಯಾರು ತೊಳೀತಾರೆ?"

"ಅಮ್ಮೋರ್ದಲ್ವಾ, ಅಮ್ಮೋರೇ ತೊಳ್ಕತಾರೆ."

ಟೀ ಅಂಗಡಿಯ ಮುಂದೆ ಜನ ಸೇರಿದರು. ಕಳೆಗೆ ಹೊರಟಿದ್ದ ಹೆಂಗಸರ ಆಟೋ ನಿಂತಿತು. ಅದರೊಳಗಿಂದ ಒಬ್ಬಳು ಕೂಗಿದಳು: "ಅಕ್ಕಾ, ಇಲ್ಲೇ ಮಾಡ್ಕೊಡ್ತೀಯೇನೆ? ನಂದೂ ಒಂದು ಕಾವು ಅಳ್ಳಾಡ್ತೈತೆ!" ದೊಡ್ಡಪ್ಪ ಆ ಕಡೆ ನೋಡಿದರು, ಈ ಕಡೆ ನೋಡಿದರು, ಜಗುಲಿ ನೋಡಿದರು. ನ್ಯಾಯ, ರೂಢಿ, ಒಬ್ಬನ ಅನ್ನ, ಯಾವುದಕ್ಕೂ ಬಗ್ಗದ ಮನುಷ್ಯ ಟೈಲ್ಸಿಗೆ ಬಗ್ಗಿದರು. ಕಿತ್ತುಕೊಂಡು ಹೋಗಿ ಎಂದರು.

ನನಗೆ ಆಗ ಸಂತೋಷವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಕೀಳುವುದಕ್ಕೂ ಒಂದು ಕ್ರಮವಿದೆ, ಸುತ್ತಲೂ ಸಣ್ಣ ಉಳಿಯಿಂದ ಬಿಡಿಸಿಕೊಂಡು ಬರಬೇಕು ಎಂದು ನಾನೂ ಹೇಳಿದೆ, ಕಮ್ಮಾರನೂ ಹೇಳಿದ. ಅಷ್ಟೊತ್ತು ಬಾಗಿಲು ತೆಗೆದಿಡಲು ಆಗುವುದಿಲ್ಲವೆಂದು ದೊಡ್ಡಪ್ಪ ಕಾಂಕ್ರೀಟು ಒಡೆಯುವ ಮಷೀನು ತರಿಸಿದರು. ಎರಕದ ಕಬ್ಬಿಣ ಬಗ್ಗುವುದಿಲ್ಲ, ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ಇದು ಕಮ್ಮಾರರ ಮನೆಯಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾದ ಸಂಗತಿಯಲ್ಲ. ಮಷೀನಿನವನು ಬ್ಲಾಕಿನ ಪಕ್ಕ ನೋಡದೆ ಮೊನೆ ಇಟ್ಟ. ಒಂದು ಮೂಲೆ ಹಾರಿ ಅಮ್ಮನವರ ಪಾದದ ಬಳಿ ಬಿತ್ತು. "ಒಂದ್ ಮೂಲೆ ತಾನೆ, ಇನ್ನೂ ಮೂರೈತಲ್ಲ" ಎಂದರು ದೊಡ್ಡಪ್ಪ. ನಾನು ಹೇಳಬೇಕಾದ್ದನ್ನು ಗುಡಿಯೊಳಗೆ ಹೇಳುವಂತಿರಲಿಲ್ಲ.

ಹಾರಿದ ಮೂಲೆ ಕಿರಿದಾಗುವ ಕಾಲುವೆಯ ಪಕ್ಕದ್ದಲ್ಲ. ಆ ಕಾಲುವೆ ಪೂರ್ತಿ ಉಳಿದಿದೆ, ಆದರೆ ತುದಿಯಿಂದ ತುದಿಗೆ ಸಿಮೆಂಟು ಕಚ್ಚಿಕೊಂಡಿದೆ. ಬೆಂಕಿಗೆ ಹಾಕಿ ಬಿಡಿಸೋಣವೆಂದರೆ ಕಬ್ಬಿಣ ಸೀಳೀತು. ಆಸಿಡ್ ಹುಯ್ದರೆ ನುಣುಪು ಹೋದೀತು. ಕೆರೆದು ತೆಗೆಯುವುದೊಂದೇ ದಾರಿ. ಗಂಡನಿಗೆ ಭುಜ ಎತ್ತಲಾಗದ್ದರಿಂದ ಅದನ್ನು ಅವಳೇ ಮಾಡುತ್ತಿದ್ದಾಳೆ, ಅಡುಗೆ ಮುಗಿಸಿದ ಮೇಲೆ, ಕುಲುಮೆಯ ಬಾಗಿಲಲ್ಲಿ ಕೂತು, ಅಗಲದ ತುದಿಯಿಂದ ಶುರುಮಾಡಿ. ಈ ವರ್ಷದ ಕಳೆಯ ಕಾಲ ಶುರುವಾಗಿದೆ. ಅವನು ಸದ್ಯ ಮಚ್ಚು ಕುಡುಗೋಲು ಸಾಣೆ ಹಿಡಿದುಕೊಡುತ್ತಾನೆ. ಗುದ್ದಲಿ ಕೇಳಿಕೊಂಡು ಬಂದವರನ್ನು ವಾಪಸು ಕಳಿಸುತ್ತಾನೆ. ಗ್ರಾನೈಟಿನ ಮೇಲಿನ ನನ್ನ ಹೆಸರು ಅಳಿಸುವಂತೆ ಕಮಿಟಿಗೆ ಬರೆದಿದ್ದೆ, ಉತ್ತರ ಬಂದಿಲ್ಲ.

ನಿನ್ನೆ ಸಂಜೆ ಅವಳಿಗೆ ಫೋನು ಮಾಡಿದ್ದೆ. ಕಾಲುವೆಯ ಕಿರಿದಾದ ತುದಿಯಲ್ಲಿ ಅಂಗೈ ಅಗಲದಷ್ಟು ಸಿಮೆಂಟು ಉಳಿದಿದೆ.