ಟವೆಲ್ ಹಾಕಿದ ಸೀಟು

ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆಯುವುದರಲ್ಲಿ ನನಗೆ ಒಳ್ಳೆಯ ಗುರಿಯಿದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವನಿಗೆ ಕೊನೆಗೆ ಉಳಿದ ವಿದ್ಯೆ ಇದೊಂದೇ. ಮಧುಗಿರಿ ಸ್ಟ್ಯಾಂಡಿಗೆ ಪಾವಗಡದ ಬಸ್ಸು ಬರುವಾಗ ಅದರ ಪಕ್ಕದಲ್ಲಿ ಅದರದೇ ವೇಗದಲ್ಲಿ ನಡೆಯಬೇಕು. ಆಗ ಕೈಬಿಟ್ಟ ಮೇಲೂ ಟವೆಲ್‌ನಲ್ಲಿ ನಮ್ಮ ನಡಿಗೆ ಉಳಿದಿರುತ್ತದೆ. ಅದು ಇಬ್ಬರ ಸೀಟಿನ ಮೇಲೆ ಸರಿಯಾಗಿ ಹರಡಿಕೊಳ್ಳುತ್ತದೆ.

ಇಬ್ಬರ ಸೀಟು ಯಾಕೆಂದರೆ, ನನ್ನ ಹೆಂಡತಿ ಸರೋಜಳಿಗೆ ಮಂಡಿನೋವು. ಹಿಂದಿನಿಂದ ನಿಧಾನವಾಗಿ ಬರುತ್ತಿದ್ದಳು. ಅವಳು ತೀರಿಕೊಂಡು ಎಂಟು ತಿಂಗಳಾಯಿತು. ಮನೆಯಲ್ಲಿ ಮಾತಿಗೆ ಯಾರೂ ಇಲ್ಲವೆಂದು ವಾರಕ್ಕೊಮ್ಮೆ ಪಾವಗಡಕ್ಕೆ ಹೋಗಿ, ಕಾಫಿ ಕುಡಿದು ವಾಪಸು ಬರುತ್ತೇನೆ. ಪಾಠದ ಭಾಷೆಯಲ್ಲಿ ಚಲಿಸಿದ ದೂರ ಬಹಳ, ಸ್ಥಾನಪಲ್ಲಟ ಸೊನ್ನೆ. ಹೊರಟಲ್ಲಿಗೇ ಬಂದು ನಿಂತಿರುತ್ತೇನೆ. ಟವೆಲ್ ಮಾತ್ರ ಈಗಲೂ ಇಬ್ಬರ ಸೀಟಿಗೇ ಬೀಳುತ್ತದೆ.

ಕಳೆದ ವಾರವೂ ಬಿತ್ತು. ಬಸ್ಸು ತುಂಬಿತು. ಬುಟ್ಟಿ ಹಿಡಿದ ಅಜ್ಜಿಯೊಬ್ಬರು ಕೇಳಿದರು, “ಇಲ್ಲಿ ಯಾರಾರ ಬತ್ತಾರಾ ಸ್ವಾಮಿ?”

“ಬರ್ತಾರೆ” ಅಂದೆ. ಎಷ್ಟೋ ವರ್ಷ ಆಡಿದ ಮಾತು, ತಾನಾಗಿ ಹೊರಬಂತು. ಅಜ್ಜಿ ಪಕ್ಕದಲ್ಲೇ ಕಂಬಿ ಹಿಡಿದು ನಿಂತರು. ಬಸ್ಸು ಹೊರಟಿತು. ಟವೆಲ್ ಎತ್ತಲು ಎರಡು ಸಲ ಕೈ ಚಾಚಿದೆ. ಎತ್ತಿದರೆ ಸೀಟು ಖಾಲಿಯೆಂದು ನಾನೇ ಒಪ್ಪಿಕೊಂಡಂತೆ. ಎತ್ತಲಿಲ್ಲ.

ಜಡತ್ವದ ಪಾಠಕ್ಕೆ ಬಸ್ಸಿನ ಉದಾಹರಣೆ ಕೊಡದ ಮೇಷ್ಟ್ರಿಲ್ಲ. ಬ್ರೇಕ್ ಹಾಕಿದಾಗ ನಿಂತವರನ್ನು ಯಾರೂ ಮುಂದಕ್ಕೆ ತಳ್ಳುವುದಿಲ್ಲ. ಅವರು ಮೊದಲಿನಂತೆಯೇ ಹೋಗುತ್ತಿರುತ್ತಾರೆ, ನಿಂತದ್ದು ಬಸ್ಸು. ಸರೋಜ ಇದನ್ನು ಒಪ್ಪುತ್ತಿರಲಿಲ್ಲ. “ಬಸ್ಸು ನಿಂತಿದ್ದು ಕಾಲಿಗೆ ಗೊತ್ತಾಗಲ್ವೇನ್ರೀ?” ಎನ್ನುತ್ತಿದ್ದಳು. ಗೊತ್ತಾಗುತ್ತದೆ. ಘರ್ಷಣೆ ಪಾದವನ್ನು ಹಿಡಿದು ನಿಲ್ಲಿಸುತ್ತದೆ. ಮೇಲಿನ ಮೈಗೆ ಸುದ್ದಿ ತಡವಾಗಿ ಮುಟ್ಟುತ್ತದೆ.

ಮಿಡಿಗೇಶಿಗೆ ಸ್ವಲ್ಪ ಮೊದಲು ಮೇಕೆಯೊಂದು ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ಕಂಬಿಯಿಂದ ಅಜ್ಜಿಯ ಕೈ ಜಾರಿದ್ದನ್ನು, ಪಾದ ಅಲ್ಲೇ ಇದ್ದು ಮೈ ಮುಂದೆ ಹೋದದ್ದನ್ನು ಪೂರ್ತಿ ನೋಡಿದೆ. ಬುಟ್ಟಿಯ ಟೊಮೆಟೊಗಳು ಡ್ರೈವರ್ ಸೀಟಿನ ತನಕ ಉರುಳಿದವು. ಅಜ್ಜಿಯ ಮಣಿಕಟ್ಟು ಊದಿಕೊಂಡಿತು.

“ಕುರಿ ತುಂಬ್ಕೊಂಡು ಓಗ್ತಿದ್ದೀಯೇನ್ಲಾ?” ಎಂದು ಒಬ್ಬರು ಡ್ರೈವರ್‌ನ ಮೇಲೆ ಹರಿಹಾಯ್ದರು. “ಕಂಪ್ಲೇಂಟ್ ಬರೀರಿ, ಕೆಲ್ಸ ಓಗ್ಲಿ ಇವುಂದು” ಎಂದರು ಇನ್ನೊಬ್ಬರು. ಡ್ರೈವರ್ ಸ್ಟೀರಿಂಗ್ ಹಿಡಿದ ಕೈ ಬಿಟ್ಟಿರಲಿಲ್ಲ.

“ಮೇಷ್ಟ್ರು ಪಕ್ಕದಾಗೇ ಇದ್ರು. ಏನಾಯ್ತು ಅಂತ ಅವ್ರೇ ಏಳ್ಲಿ ಬುಡ್ರಪ್ಪ” ಎಂದ ಕಂಡಕ್ಟರ್.

ನೋಡಿದ್ದನ್ನು ಕ್ರಮವಾಗಿ ಹೇಳಿದೆ. ಮೇಕೆ ಅಡ್ಡ ಬಂತು, ಬ್ರೇಕ್ ಹಾಕಲೇಬೇಕಿತ್ತು. ಕೂತವರು ಯಾರೂ ಬೀಳಲಿಲ್ಲ. ಅಜ್ಜಿ ಕೂರಬೇಕಾದ ಸೀಟನ್ನು ನಾನು ಹಿಡಿದಿದ್ದೆ. ಅದಕ್ಕೆ ಬರುವವರು ಯಾರೂ ಇರಲಿಲ್ಲ.

“ಮೇಷ್ಟ್ರಾಗಿ ಇಂಗಾ ಮಾಡೋದು?” ಎಂದರು ಹಿಂದಿನಿಂದ ಯಾರೋ. ಕಂಪ್ಲೇಂಟಿನ ಮಾತು ಅಲ್ಲಿಗೇ ನಿಂತಿತು.

ಟವೆಲ್ ಎತ್ತಿದೆ. ಅಜ್ಜಿ ಕೂತರು. “ಯಾರ್ಗೆ ಇಡ್ದಿದ್ರಿ?”

“ನಮ್ಮ ಮನೆಯವರಿಗೆ. ಅವರು ಹೋಗಿ ಎಂಟು ತಿಂಗಳಾಯ್ತು.”

ಅಜ್ಜಿ ನನ್ನ ಮುಖ ನೋಡಿದರು, ಆಮೇಲೆ ಊದಿದ ಕೈ ನೋಡಿಕೊಂಡರು. “ಅಂಗಂತ ಆಗ್ಲೇ ಅಂದಿದ್ರೆ, ಕೂತ್ಕೊಂಡು ಆಯಮ್ಮನ ಸುದ್ದಿನೇ ಮಾತಾಡ್ತಾ ಬರ್ಬೋದಿತ್ತಲ್ಲ. ಆ ಟವಲ್ಲಿನಾಗೆ ಕೈ ಕಟ್ಟಿ.”

ಕಟ್ಟಿದೆ. ಮಿಡಿಗೇಶಿಯಲ್ಲಿ ಜೊತೆಗೇ ಇಳಿದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂಳೆ ಮುರಿದಿರಲಿಲ್ಲ. ಟವೆಲ್ ಅಜ್ಜಿಯ ಜೊತೆ ಅವರ ಮನೆಗೆ ಹೋಯಿತು.

ಈ ವಾರ ಸ್ಟ್ಯಾಂಡಿನಲ್ಲಿ ಬರಿಗೈಯಲ್ಲೇ ಬಸ್ಸಿನ ಪಕ್ಕ ನಡೆದೆ. ಬಸ್ಸು ನಿಂತಿತು. ನಾನು ನಿಂತದ್ದು ಇನ್ನೂ ನಾಲ್ಕು ಹೆಜ್ಜೆ ಹೋದ ಮೇಲೆ. ತಿರುಗಿ ಬಂದು ಹತ್ತುವಷ್ಟರಲ್ಲಿ ಸೀಟೆಲ್ಲ ತುಂಬಿತ್ತು. ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಂತೆ.