ಶನಿಯ ಹತ್ತೂವರೆ ತಾಸು

ನನಗೆ ಶನಿಯ ಸಾಡೇಸಾತಿ ಶುರುವಾಗಿದೆ ಎಂದು ಹೋದ ವರ್ಷ ಯಾರೋ ಹೇಳಿದ್ದೇ ತಡ, ಔರಾದಿನಲ್ಲಿರುವ ನನ್ನವ್ವ ಶನಿವಾರದ ಉಪವಾಸ ಹಿಡಿದಳು. ಬೆಳಗಿನಿಂದ ಒಂದು ಗುಟುಕು ಚಹಾ ಕೂಡ ಇಲ್ಲ. ಸಂಜೆ ಹನುಮಪ್ಪನ ಗುಡಿಯಲ್ಲಿ ಎಣ್ಣೆದೀಪ ಹಚ್ಚಿ ಬಂದ ಮೇಲೆಯೇ ಊಟ. ಅವಳಿಗೋ ಸಕ್ಕರೆ ಕಾಯಿಲೆ. ಹೋದ ತಿಂಗಳು ಗುಡಿಯ ಕಟ್ಟೆಯ ಮೇಲೆ ಕಣ್ಣು ಕತ್ತಲಿಟ್ಟು ಕುಸಿದಿದ್ದಳು. ಬೀದರಿನ ಡಾಕ್ಟರು ಬೈದರು, ನಾನು ಅವರಿಗಿಂತ ಜೋರಾಗಿ ಬೈದೆ. ಇಡೀ ತರಗತಿಯನ್ನು ಗಪ್ಪಾಗಿಸುವ ನನ್ನ ದನಿ ಅವ್ವನ ಮುಂದೆ ಮಾತ್ರ ನಡೆಯುವುದಿಲ್ಲ.

ನಾನು ಭಾಲ್ಕಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು. ಆ ವಾರ ಗ್ರಹಗಳ ಪಾಠ ಮಾಡುವಾಗ ಉಪಾಯ ಹೊಳೆಯಿತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಔರಾದಿನ ಬಸ್ಸು ಹತ್ತಿದೆ. ಮನೆ ಮುಟ್ಟಿದವಳೇ ಪುಂಡಿಪಲ್ಯ ಬಿಸಿ ಮಾಡಿ, ರೊಟ್ಟಿಯ ಜೊತೆ ಅವ್ವನ ಮುಂದಿಟ್ಟೆ.

“ಅವ್ವಾ, ಶನಿ ಸೂರ್ಯನ ಸುತ್ತ ಬರಲಿಕ್ಕೆ ಮೂವತ್ತು ವರ್ಷ ತಗೋತಾನ, ಖರೆ. ಆದ್ರ ತನ್ನ ಸುತ್ತ ತಾನು ತಿರುಗೋದು ಹತ್ತೂವರಿ ತಾಸಿನಾಗ. ಅವನ ದಿನ ಅಷ್ಟೇ. ನೀ ಮುಂಜಾನಿ ಆರಕ್ಕ ಉಪವಾಸ ಹಿಡಿದಿ, ಈಗ ನಾಕೂವರಿ ಆಯ್ತು. ಅವನ ದಿನ ಮುಗೀತು, ಉಣ್ಣು.”

“ಅಷ್ಟು ದೊಡ್ಡವ ಇಷ್ಟು ಜಲ್ದಿ ತಿರುಗ್ತಾನೇನು?”

“ಅವ ಗಟ್ಟಿ ನೆಲ ಅಲ್ಲವ್ವಾ, ಹವಾದ ಉಂಡಿ.”

ಗೆದ್ದೆ ಅಂದುಕೊಂಡೆ. ಅವ್ವ ತಟ್ಟೆ ಮುಟ್ಟಲಿಲ್ಲ. ಅವಳ ಮುಖ ಇಳಿದುಹೋಯಿತು.

“ಹಂಗಾದ್ರ ನಾ ಹೊತ್ತು ಮುಳುಗಿದ ಮ್ಯಾಲೆ ಹಚ್ಚಿದ ದೀಪ ಎಲ್ಲಾ ಅವನ ಮರುದಿನಕ್ಕ ಹೋದ್ವೇನು? ಅದಕ್ಕ ನಿನ್ನ ಕೂಸು ಉಳೀಲಿಲ್ಲೇನವ್ವಾ?”

ಈ ವರ್ಷದ ಆರಂಭದಲ್ಲಿ ನನ್ನ ಹೊಟ್ಟೆಯಲ್ಲಿದ್ದ ಕೂಸು ಐದನೆಯ ತಿಂಗಳಲ್ಲೇ ಹೋಗಿಬಿಟ್ಟಿತ್ತು. ಆಮೇಲೆ ನಾವಿಬ್ಬರೂ ಆ ಮಾತನ್ನೇ ಎತ್ತಿರಲಿಲ್ಲ. ನಾನು ಮಾತ್ರ ಒಳಗೊಳಗೇ, ದಿನಾ ಶಾಲೆಯ ಮೆಟ್ಟಿಲು ಹತ್ತಿ ಇಳಿದದ್ದಕ್ಕೇ ಹೀಗಾಯಿತೇನೋ ಎಂದು ಬೇಯುತ್ತಿದ್ದೆ.

ನನ್ನ ಪಾಠ ಅಲ್ಲಿಗೇ ನಿಂತಿತು. ಅವ್ವನ ಕೈ ಹಿಡಿದುಕೊಂಡೆ.

“ಇಲ್ಲವ್ವಾ. ಕೂಸು ನಿನ್ನ ದೀಪದಿಂದ ಹೋಗಿಲ್ಲ. ನನ್ನಿಂದನೂ ಹೋಗಿಲ್ಲ. ಯಾರ ತಪ್ಪೂ ಇಲ್ಲ.”

ಡಾಕ್ಟರು ಇದೇ ಮಾತನ್ನು ನನಗೆ ಎಷ್ಟು ಸಲ ಹೇಳಿದ್ದರೋ. ಒಂದು ಸಲವೂ ನಂಬಿರಲಿಲ್ಲ. ಅವ್ವನಿಗೆ ಹೇಳುತ್ತ ಹೇಳುತ್ತ ನನಗೇ ಅಳು ಬಂತು.

ಅವಳು ಸೆರಗಿನಿಂದ ನನ್ನ ಮುಖ ಒರೆಸಿ, ತಟ್ಟೆ ಎಳೆದುಕೊಂಡು ರೊಟ್ಟಿ ಮುರಿದಳು. ಹೊರಗೆ ಇನ್ನೂ ಬಿಸಿಲಿತ್ತು. ಮೊದಲ ತುತ್ತು ನನ್ನ ಬಾಯಿಗಿಟ್ಟು, ಎರಡನೆಯದನ್ನು ತಾನು ತಿಂದಳು.